ಕಂಬಳಿಯೊಳಗಿನ ಕಾವು

ದಸರೆ ಮುಗಿದು ವಾರ ಕಳೆಯುವಷ್ಟರಲ್ಲಿ ಸುನಂದಾ ಬಡಿಗೇರಳ ಕಣ್ಣು ಪರದೆಯ ಮೇಲಿನ ನಕ್ಷೆಯ ಉತ್ತರದ ಅಂಚಿಗೆ ಅಂಟಿಕೊಳ್ಳುತ್ತಿತ್ತು. ಗದಗಿನ ಹೊರಗೆ ಗುಡ್ಡದ ಮೇಲಿದ್ದ ತರಂಗ ನಿಗಾ ಕೇಂದ್ರದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ದಸರೆ ಆದಮೇಲೆ ಮೇಡಮ್ಮಿಗೆ ಬೀಗರು ಬರುತ್ತಾರೆ, ಅವರು ಬಂದ ದಿನ ರಜೆ ಕೇಳಿದರೆ ಇಲ್ಲವೆನ್ನುವುದಿಲ್ಲ ಎಂದು ಹೊಸಬರಿಗೆ ಹಳಬರು ಕಿವಿಮಾತು ಹೇಳುತ್ತಿದ್ದರು.

ಬೀಗರು ಎಂದರೆ ಮನುಷ್ಯರಲ್ಲ, ಒಂದು ಹಳೆಯ ಕೀಪ್ಯಾಡ್ ಫೋನು. ಅದು ಬಾಗಲಕೋಟೆ ಕಡೆಯಿಂದ ಹೊರಟು, ದಿನಕ್ಕೆ ನಾಲ್ಕಾರು ಮೈಲಿ ನಡೆದು, ಹೊಲದಿಂದ ಹೊಲಕ್ಕೆ ತಂಗುತ್ತಾ ತುಂಗಭದ್ರೆಯ ದಡದವರೆಗೆ ಹೋಗಿ, ಮುಂಗಾರು ಹತ್ತಿರವಾದಾಗ ಬಂದ ದಾರಿಯಲ್ಲೇ ತಿರುಗುತ್ತಿತ್ತು. ಕುರಿಗಾರರ ಫೋನು. ಸುನಂದಾ ಕೆಲಸಕ್ಕೆ ಸೇರಿದಾಗಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ.

ಇಷ್ಟು ಖಾತ್ರಿಯಾಗಿ ಅದೇ ಫೋನು ಎಂದು ಹೇಳುವುದು ಹೇಗೆ ಎಂದರೆ, ಅದೇ ಅವಳ ಕಸುಬು. ಫೋನಿನ ನಂಬರು ಬದಲಿಸಬಹುದು, ಸಿಮ್ಮು ಬದಲಿಸಬಹುದು, ಒಳಗೆ ಬರೆದಿರುವ ಗುರುತಿನ ಸಂಖ್ಯೆಯನ್ನೂ ಕಳ್ಳರು ಅಳಿಸಿ ಬೇರೆ ಬರೆಯುತ್ತಾರೆ. ದನಿಯನ್ನು ಮಾತ್ರ ಬದಲಿಸಲಾಗದು. ಪ್ರತಿ ಫೋನಿನೊಳಗೆ ತಾಳ ಹಾಕಲು ಒಂದು ಸಣ್ಣ ಹರಳು, ಕೂಗನ್ನು ಜೋರು ಮಾಡಲು ಒಂದು ವರ್ಧಕ ಇರುತ್ತವೆ. ಒಂದೇ ಕಾರ್ಖಾನೆಯಲ್ಲಿ ಲಕ್ಷಗಟ್ಟಲೆ ಮಾಡಿದರೂ ಯಾವ ಎರಡೂ ತದ್ರೂಪು ಬರುವುದಿಲ್ಲ. ಒಂದರ ಹರಳು ತುಸು ಅವಸರದ್ದು, ಇನ್ನೊಂದರದು ತುಸು ಸೋಮಾರಿ. ಒಂದರ ವರ್ಧಕ ಬಾಯಿ ತೆರೆಯುವಾಗಲೇ ಮುಗ್ಗರಿಸುತ್ತದೆ. ಫೋನು ತಾನು ಎಲ್ಲಿದ್ದೇನೆಂದು ಆಗಾಗ ಹತ್ತಿರದ ಗೋಪುರಕ್ಕೆ ತಿಳಿಸುವಾಗ ಈ ಸಣ್ಣ ತಪ್ಪುಗಳೂ ಅಲೆಯ ಜೊತೆಗೆ ಹೋಗುತ್ತವೆ. ಅವನ್ನು ಹಿಡಿದರೆ ಫೋನಿನ ಬೆರಳಚ್ಚು ಸಿಕ್ಕ ಹಾಗೆ. ತಯಾರಿಸಿದ ಕಂಪನಿ ಅದನ್ನು ದೋಷ ಎನ್ನುತ್ತಿತ್ತು, ಸುನಂದಾಳ ಇಲಾಖೆ ಅದನ್ನೇ ಜಾತಕ ಮಾಡಿಕೊಂಡಿತು.

ಈಗ ಯಂತ್ರವೇ ಕಣ್ಣು ಮಿಟುಕಿಸುವಷ್ಟರಲ್ಲಿ ಕೋಟಿ ಫೋನು ಗುರುತಿಸುತ್ತದೆ. ಅವಳು ಸೇರಿದ ಕಾಲದಲ್ಲಿ ಮನುಷ್ಯರು ಕೂತು ಪರದೆಯ ಮೇಲಿನ ಅಂಕುಡೊಂಕು ಗೆರೆಗಳನ್ನು ಕಣ್ಣಿನಲ್ಲೇ ಹೋಲಿಸಬೇಕಿತ್ತು. ಆಗ ಅವಳು ಮೊಟ್ಟಮೊದಲು ತಾನಾಗಿ ಗುರುತು ಹಿಡಿದದ್ದು ಈ ಕುರಿಗಾರರ ಫೋನನ್ನು. ಅದರ ಹರಳಿಗೆ ಒಂದು ಚಾಳಿಯಿತ್ತು. ಬಿಸಿಯಾದರೆ ತಾಳ ಒಂದು ಕಡೆ ಸರಿಯುತ್ತಿತ್ತು, ತಣ್ಣಗಾದರೆ ಇನ್ನೊಂದು ಕಡೆ. ದುಬಾರಿ ಫೋನುಗಳು ಇದನ್ನು ತಿದ್ದಿಕೊಳ್ಳುತ್ತವೆ. ಈ ಬಡಪಾಯಿಗೆ ಆ ವಿದ್ಯೆ ಇರಲಿಲ್ಲ. ಹಾಗಾಗಿ ಮಧ್ಯಾಹ್ನದ ಬಿಸಿಲು, ಮರದ ನೆರಳು, ಮುಂಜಾವಿನ ಚಳಿ ಎಲ್ಲವೂ ಅದರ ಗೆರೆಯಲ್ಲಿ ಕಾಣುತ್ತಿದ್ದವು. ವಿಚಿತ್ರವೆಂದರೆ ಮಾರ್ಗಶಿರದ ರಾತ್ರಿಗಳಲ್ಲಿ, ಬಟ್ಟಬಯಲಿನಲ್ಲಿ, ನಡುವೆ ಆಗೀಗ ತುಸು ತಗ್ಗಿದರೂ, ಅದು ಬೆಳಗಿನವರೆಗೂ ಬೆಚ್ಚಗಿರುತ್ತಿತ್ತು. ಯಾರೋ ಅದನ್ನು ಎದೆಗವಚಿಕೊಂಡು ಕಂಬಳಿಯೊಳಗೆ ಮಲಗುತ್ತಿರಬೇಕು. ಅಂದಿನಿಂದ ಅವಳು ಆ ಕಾಣದ ಮನುಷ್ಯನನ್ನು ಕಂಬಳಿ ಅಜ್ಜ ಎಂದು ಕರೆಯತೊಡಗಿದಳು.

ಮನೆಯಲ್ಲಿ ಗಂಡ ಈರಣ್ಣನಿಗೆ ಇದು ವರ್ಷವರ್ಷದ ತಮಾಷೆ.

"ಬಂದನೇನ ನಿನ್ನ ಅಜ್ಜ?" ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಾ ಅವನು ಆ ಸಂಜೆಯೂ ಕೇಳಿದ. "ಮೂವತ್ತು ವರ್ಷ ಆತು, ಇನ್ನೊಬ್ಬನ ದಾರಿ ಕಾಯೂ ಹೆಂಡ್ತೀನ ನಾ ಒಬ್ಬನ ಸಹಿಸಿಕೊಂಡೇನಿ ನೋಡು ಊರಾಗ."

"ಬಂದಾನ್ರಿ. ಗಜೇಂದ್ರಗಡ ದಾಟ್ಯಾನ." ಸುನಂದಾ ನಕ್ಕಳು. "ರಿಟೈರ್ ಆಗೂದ್ರಾಗ ಒಮ್ಮಿ ಹೋಗಿ ಮಾರಿ ನೋಡಿ ಬರಬೇಕು. ಇಷ್ಟು ವರ್ಷ ಅಂವನ ನಿದ್ದಿ ಕಾದೇನಿ, ಮಾರಿ ಹೆಂಗೈತಿ ಗೊತ್ತಿಲ್ಲ."

ಆಮೇಲೆ ಇಬ್ಬರೂ ಹಳೆಯದಕ್ಕೆ ಜಾರಿದರು. ನಿಶ್ಚಯವಾದ ಹೊಸತರಲ್ಲಿ ಈರಣ್ಣ ಕೊಡುತ್ತಿದ್ದ ಮಿಸ್ ಕಾಲುಗಳು: ಒಂದು ಸಲ ಹೊಡೆದು ನಿಂತರೆ ಬಸ್ಸು ಹತ್ತಿದೆ, ಎರಡು ಸಲವಾದರೆ ಸ್ಟ್ಯಾಂಡಿಗೆ ಬಾ. ರೀಚಾರ್ಜ್ ಕಾರ್ಡನ್ನು ಉಗುರಿನಲ್ಲಿ ಕೆರೆದು ನಂಬರೇ ಹರಿದುಹೋದದ್ದು. ಒಬ್ಬರಿಗೆ ಫೋನು ಬಂದರೆ ಇಡೀ ಬಸ್ಸು ತನ್ನ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದದ್ದು. ಈಗಿನ ಫೋನುಗಳು ಕಿವಿಯ ಹಿಂದೆ ಅಂಟಿಕೊಂಡಿರುತ್ತವೆ, ಸದ್ದೇ ಇಲ್ಲ. ಮಿಸ್ ಕಾಲ್ ಎಂದರೆ ಏನೆಂದು ಮೊಮ್ಮಗಳಿಗೆ ವಿವರಿಸಲು ಹೋಗಿ ಈರಣ್ಣ ಸೋತಿದ್ದ. ಉತ್ತರ ಬೇಡವೆಂದಮೇಲೆ ಕರೆಯುವುದೇಕೆ ಎಂದು ಅವಳು ಕೇಳಿದ್ದಳು. ಆ ಕಾಲ ಹೋಯಿತಲ್ಲ ಎಂದು ಸುನಂದಾಳಿಗೆ ನಿಜಕ್ಕೂ ಸಂಕಟವಾಯಿತು.

ಮರುದಿನ ಕೇಂದ್ರದಲ್ಲಿ ಶ್ರೀವತ್ಸ ಅವಳ ಮೇಜಿನ ಹತ್ತಿರ ಬಂದು ನಿಂತ. ಮೈಸೂರಿನವನು, ವಯಸ್ಸಿನಲ್ಲಿ ಅವಳ ಮಗನ ಸಮ, ಹುದ್ದೆಯಲ್ಲಿ ಅವಳಿಗಿಂತ ಮೇಲೆ.

"ಮೇಡಂ, ನಿಮ್ಮ ಬೀಗರಿಗೆ ಈಗ ವಯಸ್ಸೆಷ್ಟು ಗೊತ್ತಾ? ನೂರಾ ಒಂದು. ನಿನ್ನೆ ಆರು ಮೈಲಿ ನಡೆದಿದ್ದಾರೆ."

ಅವಳು ನಗಲು ಹೋಗಿ ನಿಲ್ಲಿಸಿದಳು. ಇದೊಂದು ದಿನ ಬರುತ್ತದೆಂದು ಅವಳಿಗೆ ಗೊತ್ತಿತ್ತು, ಲೆಕ್ಕ ಹಾಕಲು ಮನಸ್ಸು ಒಪ್ಪಿರಲಿಲ್ಲ.

ಹಿಂದೆ ರೈತರಿಗೂ ಕುರಿಗಾರರಿಗೂ ಬಡಿದಾಟಗಳಾಗಿ ತಲೆ ಒಡೆದ ಮೇಲೆ ಸರಕಾರ ಕುರಿದಾರಿಗಳನ್ನು ಗುರುತಿಸಿ, ಕಾಲುವೆ ಸೇತುವೆಗಳಿಗೂ ಕಾಡಿನ ಅಂಚಿಗೂ ಗೇಟು ಹಾಕಿತ್ತು. ಒಂದೊಂದು ದಾರಿಗೂ ಒಬ್ಬ ಹಕ್ಕುದಾರ. ಅವನ ಫೋನಿನ ಬೆರಳಚ್ಚು ಹತ್ತಿರ ಬಂದರೆ ಗೇಟು ತಾನಾಗಿ ತೆರೆಯುತ್ತದೆ. ಈ ದಾರಿಯ ಹಕ್ಕುದಾರ ಮಾಳಪ್ಪ ಎಂದು ದಾಖಲಾಗಿತ್ತು. ಹಕ್ಕುದಾರ ಸತ್ತರೆ ದಾರಿ ಸರಕಾರಕ್ಕೆ ವಾಪಸು. ಇನ್ನೊಬ್ಬರು ಹನ್ನೆರಡು ವರ್ಷ ಬಿಡದೆ ಅದೇ ದಾರಿಯಲ್ಲಿ ಹಿಂಡು ನಡೆಸಿದ್ದು ಸಾಬೀತಾದರೆ ಮಾತ್ರ ಅವರ ಹೆಸರಿಗೆ ಆಗುತ್ತದೆ. ಹೊಸ ದಾರಿಗಳನ್ನು ಕೊಡುವುದನ್ನು ಎಂದೋ ನಿಲ್ಲಿಸಿದ್ದರು.

"ನೀವೇ ಹೋಗಿ ನೋಡಿ ಬನ್ನಿ," ಎಂದ ಶ್ರೀವತ್ಸ. "ಬದುಕಿದ್ದರೆ ನನ್ನ ನಮಸ್ಕಾರ ಹೇಳಿ. ಇಲ್ಲದಿದ್ದರೆ... ನಾನು ಬೆರಳಚ್ಚು ರದ್ದು ಮಾಡಲೇಬೇಕಾಗುತ್ತೆ ಮೇಡಂ."

ವಾರ ಕಳೆದು ಸುನಂದಾ ಹೋದಾಗ ಮುಂಡರಗಿ ಕಡೆಯ ಒಂದು ಹೊಲದಲ್ಲಿ ಹಿಂಡು ತರುಬಿದ್ದರು. ಮುಂಗಾರಿ ಜೋಳ ಕೊಯ್ದ ಹೊಲಕ್ಕೆ ಗೊಬ್ಬರವಾಗಲೆಂದು ರೈತನೇ ಕರೆದು ಕುರಿ ನಿಲ್ಲಿಸಿಕೊಂಡಿದ್ದ. ಬಲೆಯ ಬೇಲಿಯೊಳಗೆ ಕರಿಕಂದು ಬಣ್ಣದ ಕುರಿಗಳು, ಪಕ್ಕದಲ್ಲಿ ಎರಡು ಕುದುರೆ, ಮೂರು ಕಲ್ಲಿನ ಒಲೆಯ ಮುಂದೆ ಹೊಗೆಗೆ ಕಣ್ಣುಜ್ಜುತ್ತಾ ಕೂತಿದ್ದ ಲಕ್ಕವ್ವ. ಅವಳ ಮಗಳು ಮಾಳವ್ವ ಮರಿಯೊಂದರ ಕಾಲಿನಿಂದ ಮುಳ್ಳು ಕೀಳುತ್ತಿದ್ದಳು. ಮೂವತ್ತರ ಆಚೀಚಿನ ಗಟ್ಟಿ ಹೆಣ್ಣು, ತಲೆಗೆ ಟವೆಲ್ಲು ಸುತ್ತಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡಿದ್ದಳು.

"ಮಾಳಪ್ಪಜ್ಜಾರು ಎಲ್ಲಿ?" ಎಂದಳು ಸುನಂದಾ.

ತಾಯಿ ಮಗಳು ಮುಖ ನೋಡಿಕೊಂಡರು. "ಅಜ್ಜ ಮುಂದಿನ ಕುರಿಮಂದ್ಯಾಗ ಹೋಗ್ಯಾನ್ರಿ ಅಕ್ಕಾರ," ಎಂದಳು ಮಾಳವ್ವ. "ಇನ್ನ ಎಂಟ ದಿನ ಆಕ್ಕೈತಿ ಬರೂದು."

ಅವಳ ಕೊರಳಲ್ಲಿ ಒಂದು ಬಟ್ಟೆಯ ಚೀಲ ನೇತಾಡುತ್ತಿತ್ತು. ಸುನಂದಾಳ ಕೈಯಲ್ಲಿದ್ದ ಉಪಕರಣದ ಗೆರೆ ಆ ಚೀಲದ ಕಡೆ ತಿರುಗಿದಾಗಲೆಲ್ಲ ಎದ್ದು ನಿಲ್ಲುತ್ತಿತ್ತು. ಅವಳಿಗೆ ಆ ಗೆರೆ ನೋಡಬೇಕಾದ ಅಗತ್ಯವೇ ಇರಲಿಲ್ಲ.

"ತಂಗಿ, ನಾ ದಾರಿ ಕಸಗೊಳ್ಳಾಕ ಬಂದಾಕಿ ಅಲ್ಲ. ಹೋಗ್ಲಿ, ಫೋನರ ತೋರಸ. ಅದು ನನಗ ಭಾಳ ವರ್ಷದ ಪರಿಚಯ."

ಮಾಳವ್ವ ಚೀಲ ಬಿಚ್ಚಿ ಕೊಟ್ಟಳು. ಅಂಕಿಗಳೆಲ್ಲ ಸವೆದುಹೋಗಿದ್ದವು, ಹಿಂದಿನ ಮುಚ್ಚಳವನ್ನು ಉಣ್ಣೆಯ ದಾರದಿಂದ ಬಿಗಿದಿತ್ತು. ಮೂವತ್ತು ವರ್ಷ ಪರದೆಯ ಮೇಲೆ ಮಾತ್ರ ಕಂಡಿದ್ದನ್ನು ಅಂಗೈಯಲ್ಲಿ ಹಿಡಿದ ಸುನಂದಾ ಸೆರಗಿನ ಅಂಚಿನಿಂದ ಅದರ ಧೂಳು ಮೆಲ್ಲಗೆ ಒರೆಸಿದಳು. ಅದನ್ನು ಕಂಡ ಲಕ್ಕವ್ವನಿಗೆ ಸುಳ್ಳು ಮುಂದುವರಿಸಲು ಆಗಲಿಲ್ಲ.

"ಮಾವ ಹೋಗಿ ಭಾಳ ದಿನ ಆತ್ರಿ," ಎಂದಳು. "ನಾವೇನ ಕದ್ದಿಲ್ಲ ತಂಗಿ. ಈಕಿಗೆ ಅಂವನ ಹೆಸರನ ಇಟ್ಟೇವಿ. ನಮ್ಮಾಗ ಹಂಗ, ಅಜ್ಜನ ಹೆಸರು ಮೊಮ್ಮಕ್ಕಳಿಗೆ. ಹೆಸರು ಇಳದು ಬಂತು, ಕುರಿ ಇಳದು ಬಂದ್ವು, ಫೋನೂ ಇಳದು ಬಂತು. ದಾರಿ ಒಂದ ಇಳೀಲಿಲ್ಲಂದ್ರ ಹೆಂಗ?"

ಸುನಂದಾ ಒಲೆಯ ಪಕ್ಕ ಕೂತಳು. ಹನ್ನೆರಡು ವರ್ಷದ ನಿಯಮವನ್ನು ಬಿಡಿಸಿ ಹೇಳಿದಳು. ಅಜ್ಜ ತೀರಿಕೊಂಡದ್ದು ಯಾವಾಗ?

"ಹೊಳಿ ಬಂದು ಕೊಪ್ಪದ ಸೇತುವಿ ಕೊಚ್ಚಿಹೋದ ವರ್ಷ," ಎಂದಳು ಮಾಳವ್ವ.

"ಅಲ್ಲ, ಅದರ ಮುಂದ. ಕೆಂಪ ಕುದುರಿ ಮಾರಿದ ವರ್ಷ," ಎಂದಳು ಲಕ್ಕವ್ವ. "ಹತ್ತು ಆಗಿರಬೇಕು."

"ಯವ್ವಾ, ಹತ್ತು ಹೆಂಗವ? ನನಗ ಆಗ ಹತ್ತೊಂಬತ್ತು!"

ಸಾವನ್ನು ಯಾವ ಪಂಚಾಯಿತಿಯಲ್ಲೂ ಬರೆಸಿರಲಿಲ್ಲ, ದಾರಿಯ ಬದಿಯ ಸಾವಿಗೆ ಯಾವ ಊರಿನ ಪಂಚಾಯಿತಿ? ದಾರಿ ಹೋದರೆ ಹಿಂಡು ನಿಲ್ಲುವುದಿಲ್ಲ, ಸಂತೆಯಲ್ಲಿ ಕಟುಕರಿಗೆ ಮಾರಬೇಕು. ಇಷ್ಟನ್ನು ಮಾಳವ್ವ ಅಳದೆ, ಗಟ್ಟಿ ದನಿಯಲ್ಲೇ ಹೇಳಿದಳು. ಫೋನು ವಾಪಸು ಕೊಡುವಾಗ ಸುನಂದಾ ಕೇಳಿದಳು, "ಅಜ್ಜ ಹೋದ ಮ್ಯಾಲ ಇದನ್ನ ಯಾರು ಇಟಗೊಂಡ್ರಿ?"

"ನಾನ. ಅಂವ ಹೆಂಗ ಮಲಗತಿದ್ನೋ ಹಂಗ, ಎದಿಗೆ ಇಟಗೊಂಡು ಮಲಗತೇನಿ."

"ಮಣ್ಣು ಹಾಕೂಕಿಂತ ಮೊದಲ ತಗೊಂಡಿದ್ಲಂತ," ಎಂದು ಲಕ್ಕವ್ವ ಸೇರಿಸಿದಳು. "ನಾ ಅಂವನ ಎದಿ ಮ್ಯಾಗ ಇಟ್ಟಿದ್ದೆ. ಅಂವಂದು ಅಂವನ ಸಂಗಾಟ ಹೋಗ್ಲಿ ಅಂತ."

ಮಾಳವ್ವ ಎದ್ದು ಕುರಿಗಳ ಕಡೆ ಹೋದಳು.

ಕೇಂದ್ರಕ್ಕೆ ಮರಳಿದ ಸುನಂದಾ ಹಳೆಯ ಗೆರೆಗಳ ಸಂಗ್ರಹ ತೆರೆದಳು. ಸರಕಾರ ಜನರನ್ನು ಮರೆಯುತ್ತದೆ, ಕಸವನ್ನು ಮಾತ್ರ ಜೋಪಾನವಾಗಿಡುತ್ತದೆ ಎಂದು ಅವಳೇ ಹಿಂದೆ ಬೈದದ್ದುಂಟು. ಈಗ ಆ ಕಸವೇ ಗತಿಯಾಗಿತ್ತು. ಫೋನು ಒಬ್ಬರ ಎದೆಯಿಂದ ಇನ್ನೊಬ್ಬರ ಎದೆಗೆ ಹೋದ ರಾತ್ರಿ ಸಿಕ್ಕರೆ ಸಾಕು, ಅಂದಿನಿಂದ ಮಾಳವ್ವನ ವರ್ಷಗಳನ್ನು ಎಣಿಸಬಹುದು. ಯಂತ್ರ ಬಂದಮೇಲೆ ಬೆರಳಚ್ಚು ಹೊಂದಿತೋ ಇಲ್ಲವೋ ಎಂದಷ್ಟೇ ನೋಡುತ್ತಿದ್ದವಳಿಗೆ ಈಗ ಕಂಡಿತು, ಇಬ್ಬರ ಮಲಗುವ ರೀತಿಯೂ ಬೇರೆ. ಅಜ್ಜನದು ಎಚ್ಚರದ ನಿದ್ದೆ, ರಾತ್ರಿಗೆ ನಾಲ್ಕು ಸಲ ಎದ್ದು ಹಿಂಡು ಸುತ್ತುವವನು. ಗೆರೆಯಲ್ಲಿ ನಾಲ್ಕು ತಗ್ಗು. ಮಾಳವ್ವ ಒಮ್ಮೆ ಮಲಗಿದರೆ ಕೋಳಿ ಕೂಗುವವರೆಗೆ ಗೆರೆಯಲ್ಲಿ ಒಂದೇ ಬೆಟ್ಟ.

ಅವಳು ವರ್ಷದಿಂದ ವರ್ಷಕ್ಕೆ ಹಿಂದೆ ನಡೆದಳು. ಹತ್ತು ವರ್ಷದ ಹಿಂದೆ ಮಾಳವ್ವನದೇ ನಿದ್ದೆ. ಹನ್ನೆರಡರ ಹಿಂದೆಯೂ ಅವಳದೇ. ಇನ್ನೊಂದು ಚಳಿಗಾಲ ಹಿಂದೆ ಹೋದಾಗ ನಾಲ್ಕು ತಗ್ಗಿನ ಅಜ್ಜ ಎದುರಾದ. ಹದಿಮೂರು ವರ್ಷ! ಸುನಂದಾ ಕೂತಲ್ಲೇ ಚಪ್ಪಾಳೆ ತಟ್ಟಿದಳು. ಪಕ್ಕದವರು ತಿರುಗಿ ನೋಡಿದರು.

ಆದರೆ ಅಜ್ಜನ ಕೊನೆಯ ರಾತ್ರಿಗೂ ಮೊಮ್ಮಗಳ ಮೊದಲ ರಾತ್ರಿಗೂ ನಡುವೆ ಇನ್ನೊಂದು ರಾತ್ರಿಯಿತ್ತು. ಆ ಗೆರೆ ಅವಳಿಗೆ ಅರ್ಥವಾಗಲಿಲ್ಲ. ಅದು ಬೆಚ್ಚಗಿರಲಿಲ್ಲ, ಹೊರಗಿನ ಚಳಿಯೂ ಅದಕ್ಕೆ ತಾಕಿರಲಿಲ್ಲ. ಸಂಜೆಯಿಂದ ಬೆಳಗಿನವರೆಗೆ ಒಂದೇ ಸಮ, ನೂಲು ಹಿಡಿದು ಎಳೆದ ಹಾಗೆ. ಅಲೆ ತೀರ ಕ್ಷೀಣ, ಹೂತುಹೋದ ದನಿ. ಫೋನು ಮಾತ್ರ ತನ್ನ ಪೂರ್ತಿ ಬಲ ಹಾಕಿ ಕೂಗಿತ್ತು. ಗೋಪುರ ಅಲ್ಲಿಂದ ಒಂದು ಕೂಗಿನ ದೂರ. ಹಗಲಿನ ಬಿಸಿ, ರಾತ್ರಿಯ ಚಳಿ ಎರಡೂ ತಲುಪದ, ವರ್ಷವಿಡೀ ಒಂದೇ ಹದದಲ್ಲಿರುವ ಜಾಗ ಯಾವುದು?

ನೆಲ. ಆಳುದ್ದದ ಒಣ ನೆಲ.

ಸುನಂದಾ ಕನ್ನಡಕ ತೆಗೆದಿಟ್ಟಳು. ಲಕ್ಕವ್ವ ಎದೆಯ ಮೇಲಿಟ್ಟ ಫೋನು ಮಣ್ಣು ಹಾಕುವ ಮೊದಲು ಮೇಲೆ ಬಂದಿರಲಿಲ್ಲ. ರಾತ್ರಿಯಿಡೀ ಅಜ್ಜನ ಜೊತೆಗಿತ್ತು. ಬೆಳಿಗ್ಗೆ ಯಾರೋ ತೆಗೆದಿದ್ದರು. ಯಾರೆಂದು ಅವಳಿಗೆ ಗೊತ್ತಾಯಿತು, ಮೂವತ್ತು ವರ್ಷ ಬೇರೆಯವರ ನಿದ್ದೆ ಕದ್ದು ನೋಡಿದ ತನ್ನ ಕಸುಬಿನ ಬಗ್ಗೆ ಅವಳಿಗೆ ಮೊದಲ ಸಲ ನಾಚಿಕೆಯಾಯಿತು.

ಶ್ರೀವತ್ಸ ಆ ಗೆರೆಯನ್ನು ಬಹಳ ಹೊತ್ತು ನೋಡಿದ. "ಅಜ್ಜ ಸತ್ತದ್ದು ಇದೇ ದಿನ ಅನ್ನೋಕೆ ಆಧಾರ ಈ ರಾತ್ರಿಯೇ ಮೇಡಂ. ಫೋನು ಎಲ್ಲಿತ್ತು ಅಂತ ಮೇಲಿನವರು ಕೇಳ್ತಾರೆ. ಅದನ್ನ ಕುರಿಗಾರರೇ ಬಂದು ಹೇಳಬೇಕು. ಅಂದಾಜಿನ ಮೇಲೆ ದಾರಿ ಕೊಡೋಕೆ ಬರಲ್ಲ."

ಎರಡು ದಿನ ಬಿಟ್ಟು ತಾಯಿ ಮಗಳು ಕೇಂದ್ರಕ್ಕೆ ಬಂದರು. ಹೊಳೆಯುವ ನೆಲದ ಮೇಲೆ ಚಪ್ಪಲಿ ಬಿಡಬೇಕೋ ಹಾಕಿಕೊಳ್ಳಬೇಕೋ ತಿಳಿಯದೆ ಲಕ್ಕವ್ವ ಕೈಯಲ್ಲೇ ಹಿಡಿದುಕೊಂಡಿದ್ದಳು. ಸುನಂದಾ ಮಾಳವ್ವನನ್ನು ಮಾತ್ರ ವರಾಂಡಕ್ಕೆ ಕರೆದು, ತನಗೆ ಕಂಡದ್ದನ್ನು ಮೆಲ್ಲಗೆ ಹೇಳಿದಳು.

ಮಾಳವ್ವ ಕೊರಳಿನ ಚೀಲವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. "ನೆಲದಾಗಿಂದೂ ಕೇಳತೈತೇನ್ರಿ ನಿಮಗ?"

"ನಿನಗ ಬ್ಯಾಡಂದ್ರ ನಾ ಹೇಳೂದಿಲ್ಲ. ಆದ್ರ ದಾರಿ ಉಳಿಯೂದಿಲ್ಲ ತಂಗಿ. ಹೇಳಬೇಕಂದ್ರ ನಿಮ್ಮವ್ವನ ಕಿವಿಗೂ ಬೀಳತೈತಿ."

ಮಾಳವ್ವ ಕಂಬಿ ಹಿಡಿದು ದೂರದ ಗುಡ್ಡ ನೋಡುತ್ತಾ ನಿಂತಳು. ಮಣ್ಣು ಕೊಟ್ಟ ಮೇಲೆ ಮತ್ತೆ ಅಗೆಯುವುದೆಂದರೆ ಅವರಲ್ಲಿ ಬಾಯಿ ಬಿಟ್ಟು ಹೇಳಲೂ ಆಗದ ಪಾಪ. ಆಮೇಲೆ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡು ತಾನಾಗಿ ಒಳಗೆ ನಡೆದಳು.

"ಬರಕೋರಿ ಸಾಹೇಬರ," ಎಂದಳು ಶ್ರೀವತ್ಸನ ಮುಂದೆ ನಿಂತು. "ನಾ ತಗದೇನಿ. ಗೇಟು ನಮ್ಮ ಅಜ್ಜನ ಮಾತ ಕೇಳತೈತಿ ಅಂತ ತಿಳದಿದ್ವಿ. ಅಂವ ಕೋಲಿಲೆ ಬಡದು, ದೇವರ ಹೆಸರು ತಗೊಂಡು ಬೀರಪ್ಪಾ ಅಂದ್ರ ತಗೀತಿತ್ತು. ಅಂವನ್ನ ಮಣ್ಣ ಮಾಡಿದ ಮರುದಿನ ಮುಂಜಾನಿ ನಾನೂ ಬಡದೆ, ಬೀರಪ್ಪಾ ಅಂದೆ. ತಗೀಲಿಲ್ಲ. ಆಚಿ ಕಡಿ ಕಾಲವಿ ನೀರು, ಈಚಿ ಕಡಿ ಮರಿ ಬಾಯಿ ಬಾಯಿ ಬಿಡತಿದ್ವು. ಆಗ ನೆಪ್ಪಾತು, ಅದು ಫೋನಿಗೆ ತಗೀತೈತಿ ಅಂತ. ಕೊಡಲಿ ಮರತೇನಿ ಅಂತ ಅವ್ವಗ ಹೇಳಿ ಹೊಳ್ಳಿ ಹೋದೆ. ಒಬ್ಬಾಕೀನ ಅಗದೆ. ಅಂವನ ಕೈ ಸರಸಿ ತಗೊಂಡೆ. ಮತ್ತ ಮಣ್ಣ ಮುಚ್ಚಿ ಬಂದೆ."

ಶ್ರೀವತ್ಸ ಕೀಲಿಮಣೆಯಿಂದ ಬೆರಳುಗಳನ್ನು ತೆಗೆದ. ಲಕ್ಕವ್ವ ಚಪ್ಪಲಿಯನ್ನು ನೆಲಕ್ಕೆ ಬಿಟ್ಟು ಎದ್ದು ಬಂದಳು. ಮಗಳು ಹೊಡೆತಕ್ಕೆ ಕಾದವಳ ಹಾಗೆ ತಲೆ ತಗ್ಗಿಸಿದಳು.

"ಹುಚ್ಚಿ," ಎಂದಳು ಲಕ್ಕವ್ವ, ಅವಳ ಎರಡೂ ಕೈ ಹಿಡಿದು. "ನನ್ನ ಕರೀಬಾರದಿತ್ತೇನ? ಅಷ್ಟು ಮಣ್ಣ ಒಬ್ಬಾಕಿ ಹೆಂಗ ತಗದಿ?"

ಆಗ ಮಾಳವ್ವ ಅತ್ತಳು. ಹದಿಮೂರು ವರ್ಷದ್ದೆಲ್ಲ ಒಟ್ಟಿಗೆ ಬಂತು.

ಶ್ರೀವತ್ಸ ಎರಡು ಸಾಲು ಬರೆದ. ಹಕ್ಕುದಾರ ಮೃತ, ಅಂದಿನಿಂದ ಇಂದಿನವರೆಗೆ ಮೊಮ್ಮಗಳು ಮಾಳವ್ವ ಬಿಡದೆ ಹಿಂಡು ನಡೆಸಿದ್ದಾಳೆ, ದಾರಿ ಅವಳ ಹೆಸರಿಗೆ. "ಫೋನು ಆ ರಾತ್ರಿ ಎಲ್ಲಿತ್ತು" ಎನ್ನುವ ಜಾಗದಲ್ಲಿ "ಮೃತರ ಬಳಿ" ಎಂದಷ್ಟೇ ತುಂಬಿ, ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಲಕ್ಕವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಇನ್ನು ಕುರಿ ಕಾಯುತ್ತಿರುತ್ತವೆ ನಡಿ ಎಂದಳು.

ಮಾಳವ್ವ ಹೊರಡದೆ ಪರದೆಯ ಮುಂದಿನ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಇನ್ನೂ ನಿಂತಿದ್ದ ಆ ಸಪಾಟು ಗೆರೆಯನ್ನೇ ನೋಡುತ್ತಿದ್ದಳು.

"ಅಕ್ಕಾರ, ಒಂದ ಕೇಳತೇನಿ. ದಾರಿ ಸಿಕ್ತು, ಅವ್ವನೂ ಬೈಲಿಲ್ಲ. ಆದ್ರ ನನಗ ಒಂದ ಕೊರತಿ ಐತಿ. ಹುಟ್ಟಿದಾಗಿಂದ ಅಂವ ಮಂದಿ ಬಿಟ್ಟು ಮಲಗಿದಾಂವ ಅಲ್ಲ. ಒಂದ ಕಡಿ ನಾವು, ಒಂದ ಕಡಿ ಕುರಿ. ಆ ರಾತ್ರಿ ನಾವೆಲ್ಲಾರೂ ಮುಂದ ಹೋಗಿ ಮಲಗಿದ್ವಿ. ಅಂವ ಅಲ್ಲಿ ಒಬ್ಬಾಂವನ ಉಳದ."

ಸುನಂದಾ ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಗೆರೆಯ ಮೇಲೆ ಸಣ್ಣ ಚುಕ್ಕಿಗಳಿದ್ದವು, ಸಂಜೆಯಿಂದ ಬೆಳಗಿನವರೆಗೆ. ಮೊದಲನೆಯದರ ಮೇಲೆ ಬೆರಳಿಟ್ಟಳು.

"ಇದು ನೋಡು. ಇಲ್ಲಿ ಫೋನು 'ಇಲ್ಲೇ ಅದೇನಿ' ಅಂದೈತಿ. ಅದರ ಮಗ್ಗಲಕ ಇನ್ನೊಂದು ಚುಕ್ಕಿ ಐತಲ್ಲ, ಅದು ನಮ್ಮ ಗೋಪುರ. 'ಹೂಂ' ಅಂದೈತಿ." ಬೆರಳು ಮುಂದಕ್ಕೆ ಸರಿಯಿತು. "ಇಲ್ಲಿ ಮತ್ತ ಇದು ಕರದೈತಿ, ಅದು 'ಹೂಂ' ಅಂದೈತಿ. ಇಲ್ಲೂ. ಇಲ್ಲೂ."

ಮಾಳವ್ವ ತಾನೇ ಬೆರಳು ಚಾಚಿ ಒಂದೊಂದೇ ಚುಕ್ಕಿ ಮುಟ್ಟುತ್ತಾ ಹೋದಳು. ಗೆರೆಯ ತುದಿಗೆ ಬಂದಾಗ ನಿಂತಳು.

"ಇಲ್ಲಿಗೆ ಮುಗೀತು. ಇದೇನ್ರಿ?"

"ಅಲ್ಲಿಗೆ ನೀ ಬಂದಿ," ಎಂದಳು ಸುನಂದಾ.